ಕೃಪಾಂಕ

"ಬೆಳಿಗ್ಗೆ ಐದೂ ನಲವತ್ತಕ್ಕೆ ನೀವು ಸಾಮಾನ್ಯವಾಗಿ ಏನು ಮಾಡ್ತಾ ಇರ್ತೀರಿ, ನಾಗಮಣಿ?"

ಕೆಮಿಸ್ಟ್ರಿ ಪ್ರೊಫೆಸರ್ ಡೆಲ್ಗಾಡೊ ಇಂಗ್ಲಿಷಿನಲ್ಲಿ ತಣ್ಣಗೆ ಕೇಳಿದರು. ಇದು ಯೋಗಕ್ಷೇಮದ ಪ್ರಶ್ನೆಯೋ ಪೊಲೀಸ್ ಠಾಣೆಯ ಪ್ರಶ್ನೆಯೋ ನಾಗಮಣಿಗೆ ತಿಳಿಯಲಿಲ್ಲ. "ಮಲಗಿರ್ತೀನಿ," ಅಂದಳು. ಹೇಳಿದ್ದು ಅಪ್ಪಟ ನಿಜ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಅವಳ ಕೈ ತಾನಾಗಿ ಕತ್ತಿನ ಸರಕ್ಕೆ ಹೋಯಿತು.

ಡೆಲ್ಗಾಡೊ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಎಡಗಡೆ, ಪ್ರತಿ ವಾರ ಆನ್‌ಲೈನಿನಲ್ಲಿ ಮಾಡಿ ಕಳಿಸುವ ಹೋಮ್‌ವರ್ಕಿನ ಅಂಕಗಳು: ತೊಂಬತ್ತೆಂಟು, ನೂರು, ತೊಂಬತ್ತೇಳು, ನೂರು. ಬಲಗಡೆ, ಕ್ಲಾಸಿನಲ್ಲಿ ಕೂತು ಬರೆದ ಎರಡು ಟೆಸ್ಟು: ಐವತ್ನಾಲ್ಕು, ಐವತ್ತೆಂಟು.

"ಎಡಗಡೆಯವಳೂ ಬಲಗಡೆಯವಳೂ ಒಬ್ಬಳೇ ಅಂತ ನಂಬೋದು ನನಗೆ ಕಷ್ಟ ಆಗ್ತಿದೆ," ಅಂದರು. "ಸೋಮವಾರ ಸಂಜೆ ನೀವು ಕಳಿಸಿದಾಗ ಅರವತ್ತು, ಅರವತ್ತೈದು. ಮಂಗಳವಾರ ಬೆಳಿಗ್ಗೆ ಎಂಟರ ತನಕ ತಿದ್ದೋಕೆ ಅವಕಾಶ ಇದೆ, ಸರಿ. ಆದರೆ ಪ್ರತಿ ವಾರ ಐದೂ ನಲವತ್ತಕ್ಕೆ ತೆರೆದು, ನಾಲ್ಕೇ ನಿಮಿಷದಲ್ಲಿ ತಪ್ಪನ್ನೆಲ್ಲ ಸರಿ ಮಾಡೋದು, ಅದೂ ನಿದ್ದೆಯಲ್ಲಿ?"

ನಾಗಮಣಿ ಪರದೆಯ ಅಂಕಗಳನ್ನು ಇನ್ನೊಮ್ಮೆ ಓದಿದಳು.

"ಮುಂದಿನ ಬುಧವಾರ ಎರಡು ಗಂಟೆಗೆ ಬನ್ನಿ. ಅಷ್ಟರಲ್ಲಿ ಯೋಚನೆ ಮಾಡಿ. ನನಗೆ ಸಮಾಧಾನ ಆಗಲಿಲ್ಲ ಅಂದರೆ ಡೀನ್ ಆಫೀಸಿಗೆ ಬರೀಬೇಕಾಗುತ್ತೆ. ಮುಂದೆ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವಾಗ ಅದನ್ನ ನೀವು ಮುಚ್ಚಿಡೋ ಹಾಗಿಲ್ಲ, ಗೊತ್ತಲ್ಲ?"

ಗೊತ್ತಿತ್ತು. ಕಾಪಿ ಹೊಡೆದವಳು ಅಂತ ಒಂದು ಸಾಲು ಬಿದ್ದರೆ ಡಾಕ್ಟರಾಗುವ ಮಾತು ಅಲ್ಲಿಗೇ ಮುಗಿಯಿತು. ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಒಂಬತ್ತು ವರ್ಷದ ಮಗಳನ್ನು ಸ್ಕೂಲ್ ಬಸ್ ಹತ್ತಿಸಿ ಕಾಲೇಜಿಗೆ ಓಡಿಬರುವವಳಿಗೆ ಎರಡನೇ ಸಲ ಅಂತ ಒಂದು ಇರುತ್ತದೆಯೇ?

ಈ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ. ಅಮೆರಿಕದಲ್ಲಿ ಇವರಿರುವ ಅಪಾರ್ಟ್‌ಮೆಂಟಿನ ಕೆಳಗಿನ ಮನೆಗೆ ಬಾಗಲಕೋಟೆಯಿಂದ ಮಗನನ್ನು ನೋಡಲು ಬಂದಿದ್ದ ಶಿವಬಸವ್ವ ಎಂಬ ಮುದುಕಿಗೆ ಹೊಟ್ಟೆನೋವು ಬಂತು. ಮಗ ಆಫೀಸಿಗೆ ಹೋಗಿದ್ದ. ನಾಗಮಣಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಏನು ಕೇಳಿದರೂ ಮುದುಕಿ, "ಏನೂ ಇಲ್ಲಂತ ಹೇಳವ್ವಾ ಅವರಿಗೆ," ಅನ್ನುತ್ತಿದ್ದಳು. ಅಷ್ಟು ನೋವಿಟ್ಟುಕೊಂಡು ಏನೂ ಇಲ್ಲ ಅಂದರೆ ಏನೋ ಇದೆ ಎಂದು ನಾಗಮಣಿಗೆ ಅನುಮಾನ ಬಂತು. ಡಾಕ್ಟರು ಆಚೆ ಹೋದಾಗ ಮೆಲ್ಲಗೆ ಕೆದಕಿದಳು. ಮುದುಕಿ ಸೊಂಟದ ಚೀಲದಿಂದ ಒಂದು ಪುಡಿಯ ಪೊಟ್ಟಣ ತೆಗೆದು, "ಮಗಗ ಹೇಳಬ್ಯಾಡ ಮತ್ತ. ಮಂಡಿನೋವಿಗಂತ ಆರು ತಿಂಗಳಿಂದ ತಗೊಳ್ಳಾಕತ್ತೀನಿ," ಅಂದಳು. ಆ ಪುಡಿಯೇ ಹೊಟ್ಟೆಯನ್ನು ಹುಣ್ಣು ಮಾಡಿತ್ತು. "ನೀವಿಲ್ಲದಿದ್ದರೆ ನಮಗೆ ಇದು ಸಿಗುತ್ತಿರಲಿಲ್ಲ," ಎಂದು ಡಾಕ್ಟರು ಅಂದ ಮಾತು ನಾಗಮಣಿಯ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಗಂಡ ಜಯಂತನಿಗೆ, "ನಾನು ಡಾಕ್ಟರ್ ಓದ್ತೀನಿ ಕಣ್ರೀ," ಅಂದಳು. ಅವನು ಟಿ.ವಿ. ಆರಿಸಿ ಅವಳನ್ನೇ ನೋಡಿದ. "ಓದು. ಅದಕ್ಕೇನು," ಅಂದ.

ಅದಕ್ಕೇನು ಅನ್ನುವುದು ಆಮೇಲೆ ಗೊತ್ತಾಯಿತು. ಇಲ್ಲಿ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕಬೇಕಾದರೆ ಮೊದಲು ಕಾಲೇಜಿನಲ್ಲಿ ಕೆಮಿಸ್ಟ್ರಿ, ಬಯಾಲಜಿ ಎಲ್ಲ ಓದಿ ಮುಗಿಸಿರಬೇಕು. ಅವಳು ಮೈಸೂರಿನಲ್ಲಿ ಬಿ.ಎ. ಮಾಡಿದವಳು, ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ವಿಜ್ಞಾನ ಅಂತ ಕಡೆಯ ಸಲ ಓದಿದ್ದು ಎಸ್ಸೆಸ್ಸೆಲ್ಸಿಯಲ್ಲಿ, ಬಂದದ್ದು ಮೂವತ್ತೈದು. ಅದರಲ್ಲೂ ನಾಲ್ಕು ಕೃಪಾಂಕ. ಪ್ರಶ್ನೆಪತ್ರಿಕೆಯಲ್ಲಿ ಏನೋ ಎಡವಟ್ಟಾಗಿತ್ತೆಂದು ಬೋರ್ಡಿನವರು ಆ ವರ್ಷ ಎಲ್ಲರಿಗೂ ನಾಲ್ಕು ನಾಲ್ಕು ಗ್ರೇಸ್ ಮಾರ್ಕ್ಸ್ ಹಂಚಿದ್ದರು. ಯಾವ ಎಡವಟ್ಟು ಎಂದು ಯಾರೂ ಕೇಳಲಿಲ್ಲ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅಂತ ಅವಳಪ್ಪ ಮೈಸೂರು ಪಾಕ್ ತಂದು ಬೀದಿಗೆಲ್ಲ ಕೊಟ್ಟಿದ್ದರು.

ಹಾಗಾಗಿ, ಆಸ್ಟಿನ್ನಿನ ಈ ಕಮ್ಯೂನಿಟಿ ಕಾಲೇಜಿನಲ್ಲಿ ಮೊದಲ ಹೋಮ್‌ವರ್ಕಿಗೆ ಸಂಜೆ ಅರವತ್ತು ಕಂಡು ಕಣ್ಣೀರು ಹಾಕಿ ಮಲಗಿದವಳು, ಮಾರನೆಯ ಮಧ್ಯಾಹ್ನ ನೋಡಿದಾಗ ಅದು ತೊಂಬತ್ತೆಂಟಾಗಿದ್ದರೆ ಏನೆಂದುಕೊಳ್ಳಬೇಕು? ಗ್ರೇಸ್ ಕೊಟ್ಟಿದಾರೆ ಅಂದುಕೊಂಡಳು. ದೊಡ್ಡ ಮನಸ್ಸಿನ ದೇಶ, ವಯಸ್ಸಾದವರು ಓದಲು ಬಂದರೆ ಕೈಹಿಡಿಯುತ್ತಾರೆ. ಎರಡನೇ ವಾರವೂ ಹಾಗೇ ಆದಾಗ ಒಂದು ಚೂರು ಮುಳ್ಳು ಚುಚ್ಚಿದಂತಾಯಿತು. ಪ್ರೊಫೆಸರನ್ನು ಕೇಳೋಣ ಅಂತ ಬಾಗಿಲ ತನಕ ಹೋಗಿ ವಾಪಸ್ ಬಂದಳು. ಕೇಳಿದರೆ ಕಿತ್ತುಕೊಂಡುಬಿಟ್ಟರೆ?

ಈಗ ಕಾರಿನಲ್ಲಿ ಕೂತು ಸ್ಟೇರಿಂಗ್ ಹಿಡಿದುಕೊಂಡರೂ ಕಾರು ಹೊರಡಿಸಲಿಲ್ಲ. ಯಾರೋ ಅವಳ ಹೆಸರಿನಲ್ಲಿ ಒಳಗೆ ನುಗ್ಗಿ ಉತ್ತರ ತಿದ್ದುತ್ತಿದ್ದಾರೆ. ಯಾರು? ಪಾಸ್‌ವರ್ಡ್ ಗೊತ್ತಿದ್ದವಳು ಒಬ್ಬಳೇ, ಸಿಯಾ.

ಸಿಯಾ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯ ಹುಡುಗಿ, ಹತ್ತೊಂಬತ್ತು ವರ್ಷ. ಅಪ್ಪ ಅಮ್ಮ ಮೈಸೂರು ಕಡೆಯವರು ಅಂತ ಗೊತ್ತಾದ ದಿನವೇ ನಾಗಮಣಿ ಅವಳಿಗೆ ಪುಳಿಯೋಗರೆ ಡಬ್ಬಿ ಕಟ್ಟಿಕೊಟ್ಟಿದ್ದಳು. ಸಿಯಾ ಲ್ಯಾಬಿನಲ್ಲಿ ಅವಳ ಜೊತೆಗಾತಿ. ಹೋಮ್‌ವರ್ಕಿನ ಅಕೌಂಟು ತೆರೆದುಕೊಟ್ಟವಳೂ ಅವಳೇ. ಅದೇ ಈಗ ನಾಗಮಣಿಯ ತಲೆಯಲ್ಲಿ ಹುಳ ಬಿಟ್ಟಿತು. ಅಯ್ಯೋ ಪಾಪ ಅಂತ ಮಾಡಿದಳೋ, ಸಿಕ್ಕಿಹಾಕಿಸಲಿ ಅಂತ ಮಾಡಿದಳೋ? ಮೆಡಿಕಲ್ ಸೀಟಿಗಾಗಿ ಓದುವ ಪ್ರೀಮೆಡ್ ಮಕ್ಕಳು ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ ಅಂತ ಎಲ್ಲರೂ ಹೇಳುತ್ತಾರಲ್ಲ. ಮೊನ್ನೆ ಟೆಸ್ಟಿನ ಅಂಕ ಕೇಳಿದಾಗ ಆ ಹುಡುಗಿ ಕಣ್ಣು ತಪ್ಪಿಸಿದ್ದು ಯಾಕೆ?

ಗುರುವಾರ ಲೈಬ್ರರಿಯ ಹೊರಗೆ ಹಿಡಿದು ಕೇಳಿಯೇಬಿಟ್ಟಳು. "ಸಿಯಾ, ನಿಜ ಹೇಳು. ನನ್ನ ಹೋಮ್‌ವರ್ಕ್ ಓಪನ್ ಮಾಡಿದ್ಯಾ?"

ಹುಡುಗಿಯ ಮುಖ ಕೆಂಪಾಯಿತು. "ಆಂಟಿ, ಆರ್ ಯೂ ಸೀರಿಯಸ್?" ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಬೆಳಿಗ್ಗೆ ಹತ್ತರ ತನಕ ತಾನು ಏಳುವುದೇ ಇಲ್ಲ. ಇಂಥದ್ದರಲ್ಲಿ ಸಿಕ್ಕಿಬಿದ್ದರೆ ತನ್ನ ಗತಿಯೂ ಅಷ್ಟೇ, ತನಗೇನು ತಲೆ ಕೆಟ್ಟಿದೆಯಾ? "ಆ್ಯಂಡ್ ಜಸ್ಟ್ ಸೋ ಯೂ ನೋ ಆಂಟಿ," ಎಂದು ದನಿ ತಗ್ಗಿಸಿದಳು. "ನೀವು ಯಾವುದೋ ಆ್ಯಪಿನಿಂದ ಉತ್ತರ ಇಳಿಸಿಕೊಳ್ಳುತ್ತೀರಿ ಅಂತ ಕ್ಲಾಸಿನ ಇಡೀ ಗ್ರೂಪಿಗೆ ಗೊತ್ತು. ನಾನು ಮಾತ್ರ ಇಲ್ಲ ಇಲ್ಲ ಅಂತ ನಿಮ್ಮ ಪರ ಜಗಳ ಆಡ್ತಿದ್ದೆ."

ಇಷ್ಟು ದಿನ ಪುಳಿಯೋಗರೆ ತಿಂದು "ಸೋ ಗುಡ್" ಅಂದ ಮಕ್ಕಳೆಲ್ಲ ತನ್ನನ್ನು ಕಳ್ಳಿ ಅಂದುಕೊಂಡೇ ತಿಂದಿದ್ದರು. ಸಿಯಾ ಬ್ಯಾಗು ಏರಿಸಿಕೊಂಡು ಹೊರಟುಹೋದಳು. ಕ್ಷಮಿಸು ಅನ್ನಲೂ ಪುರುಸೊತ್ತು ಕೊಡಲಿಲ್ಲ.

ಶನಿವಾರ ಮಗಳು ಪ್ರಗತಿಯ ಬಟ್ಟೆ ಮಡಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಒಂದು ಮಾತು ನೆನಪಾಗಿ ಅವಳ ಕೈ ನಿಂತಿತು. ಗಣೇಶನ ಹಬ್ಬಕ್ಕೆ ಲೂಯಿಸ್‌ವಿಲ್‌ನಲ್ಲಿರುವ ಜಯಂತನ ಚಿಕ್ಕಪ್ಪನ ಮಗ ಅನೂಪನ ಮನೆಗೆ ಹೋಗಿದ್ದರು. ಊಟಕ್ಕೆ ಕೂತಾಗ ಅನೂಪ, "ಏನತ್ತಿಗೆ, ಇನ್ಮೇಲೆ ಜ್ವರದ ಮಾತ್ರೆ ನಿಮ್ಮ ಹತ್ರಾನೇ ತಗೋಬೇಕಾ? ಇನ್ಶೂರೆನ್ಸ್ ಒಪ್ಕೋತೀರಾ?" ಎಂದು ಎಲ್ಲರನ್ನೂ ನಗಿಸಿದ್ದ. ಜಯಂತ ನಕ್ಕಿರಲಿಲ್ಲ. "ಸುಮ್ನೆ ನಗಬೇಡ ಕಣೋ. ಕೆಮಿಸ್ಟ್ರೀಲಿ ತೊಂಬತ್ತೆಂಟು, ನೂರು ತಗೋತಿದಾಳೆ. ನಿನ್ನ ಕೈಲಿ ಆಗುತ್ತಾ?" ಅಂದಿದ್ದ. ಆಗ ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ತೊಂಬತ್ತೆಂಟು ಅಂತ ತಾನು ಯಾವತ್ತು ಹೇಳಿದ್ದೆ?

ಹೇಳಿರಲಿಲ್ಲ. ಅದು ತನ್ನದಲ್ಲದ ಒಡವೆ ಹಾಕಿಕೊಂಡ ಹಾಗೆ ಅನ್ನಿಸಿ ಯಾರಿಗೂ ಹೇಳಿರಲಿಲ್ಲ. ಅಲ್ಲಿಂದ ಮುಂದೆ ಜಯಂತ ನೀರು ಕುಡಿದರೂ ಅನುಮಾನ, ಕೆಮ್ಮಿದರೂ ಅನುಮಾನ. ಬೆಂಗಳೂರು ಆಫೀಸಿನವರ ಜೊತೆ ಕಾಲ್ ಇದೆ ಅಂತ ಐದಕ್ಕೇ ಎದ್ದು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವವನು ಅವನು. ಅವಳ ಲ್ಯಾಪ್‌ಟಾಪೂ ಚಾರ್ಜಿಗೆ ಹಾಕಿರುವುದು ಅಲ್ಲಿಯೇ. ಪಾಸ್‌ವರ್ಡ್ ಕೇಳುವುದೇ ಇಲ್ಲ ಅದು, ತೆರೆದರೆ ಸಾಕು. ಮತ್ತೆ, ಪ್ರಗತಿಯ ಮೂರನೇ ಕ್ಲಾಸಿನ ಸೈನ್ಸ್ ಫೇರಿಗೆ ಸೌರಮಂಡಲ ಮಾಡಿದ್ದು ಯಾರು? ಗ್ರಹಗಳಿಗೆ ಮೋಟಾರು ಕೂರಿಸಿ, ಶನಿಯ ಬಳೆಗೆ ಲೈಟು ಹಾಕಿ, ಮಗಳಿಗೆ ಬಣ್ಣದ ಡಬ್ಬಿ ಹಿಡಿದುಕೊಳ್ಳಲು ಹೇಳಿದವನು ಇವನೇ. ಎರಡನೇ ಬಹುಮಾನ ಬಂದಾಗ, ಮೊದಲನೆಯದು ಹೊಡೆದ ಹೈದರಾಬಾದಿನ ಅಪ್ಪನ ಮೇಲೆ ವಾರವೆಲ್ಲ ಗೊಣಗಿದ್ದ. ಇಲ್ಲಿಯ ನಮ್ಮ ಜನರಲ್ಲಿ ಸ್ಪರ್ಧೆ ನಡೆಯುವುದು ಅಪ್ಪಂದಿರ ಮಧ್ಯೆಯೇ. ಪ್ರಗತಿಯೇ ಒಂದು ದಿನ, "ಇಟ್ ವಾಸ್ ಅಪ್ಪಾಸ್ ಪ್ರಾಜೆಕ್ಟ್," ಅಂದುಬಿಟ್ಟಿತ್ತು.

ಕೇಳಿಬಿಡಬಹುದಿತ್ತು. ಆದರೆ ಸಿಯಾಳನ್ನು ಕೇಳಿ ಬಾಯಿ ಸುಟ್ಟುಕೊಂಡಿದ್ದಳಲ್ಲ, ಈ ಸಲ ಕೈಯಾರೆ ಹಿಡಿಯಬೇಕು ಎಂದು ಹಟ ಬಂತು. ಸೋಮವಾರ ಸಂಜೆ ಹೋಮ್‌ವರ್ಕಿಗೆ ಕೂತು, ಗೊತ್ತಿದ್ದದ್ದನ್ನು ಸರಿಯಾಗಿ ಮಾಡಿದಳು. ಏಳನೆಯದಕ್ಕೆ ಮಾತ್ರ ಬೇಕೆಂದೇ ತಪ್ಪು ಬರೆದಳು. ಒಂದು ಲೋಟ ನೀರಿನ ತೂಕ ಐದು ಸಾವಿರ ಕಿಲೋ.

ಮಂಗಳವಾರ ಬೆಳಿಗ್ಗೆ ಫಿಲ್ಟರ್ ತಟ್ಟಿದ ಸದ್ದಾಯಿತು, ಹಾಲು ಉಕ್ಕಿದ ವಾಸನೆ ಬಂತು. ಐದೂ ನಲವತ್ತು ದಾಟುತ್ತಲೇ ಅವಳು ಬರಿಗಾಲಲ್ಲಿ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಜಯಂತನ ಒಂದು ಕಿವಿಯಲ್ಲಿ ಹೆಡ್‌ಸೆಟ್ಟು, ಅದರೊಳಗೆ ಬೆಂಗಳೂರಿನ ಯಾರೋ ಒಬ್ಬ ಬಡಬಡ ಅನ್ನುತ್ತಿದ್ದ. ಎದುರಿಗೆ ಅವಳ ಲ್ಯಾಪ್‌ಟಾಪು. ಪಕ್ಕದಲ್ಲಿ ಪ್ರಗತಿಯ ಹಳೆಯ ನೋಟ್‌ಬುಕ್ಕು, ಅದರ ತುಂಬ ಅವನ ಅಕ್ಷರದ ಲೆಕ್ಕ. ಹೊಡೆದುಹಾಕಿದ್ದು, ಮತ್ತೆ ಮಾಡಿದ್ದು, ಬಾಣದ ಗುರುತು. ಎಷ್ಟು ದಿನದ ಕೆಲಸವೋ. ಅವನು ಪರದೆ ನೋಡಿ ಒಬ್ಬನೇ ನಗುತ್ತಿದ್ದ. "ಐದು ಸಾವಿರ ಕಿಲೋನಾ? ಇದೆಂಥಾ ನೀರೇ ಮಾರಾಯ್ತಿ," ಅಂದುಕೊಂಡು ಏಳನೆಯ ಉತ್ತರ ಅಳಿಸಿದ.

"ಬೇಕೂಂತಾನೇ ಬರೆದಿದ್ದು," ಅಂದಳು ನಾಗಮಣಿ.

ಜಯಂತನ ಕೈ ಕೀಲಿಗಳ ಮೇಲೆ ಹಾಗೇ ನಿಂತಿತು. ಹೆಡ್‌ಸೆಟ್ಟಿನವನು ಇನ್ನೂ ಮಾತಾಡುತ್ತಲೇ ಇದ್ದ. ಜಯಂತ ಅದನ್ನು ಕಿತ್ತು ಕಟ್ಟೆಯ ಮೇಲಿಟ್ಟ.

"ಮೊದಲನೇ ವಾರ ನೀನು ಅಳ್ತಾ ಇದ್ದೆಯಲ್ಲ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಕೊಂಡು. ಕೇಳಿಸ್ತು ನಂಗೆ," ಅಂದ. "ಇನ್ನೆರಡು ಸಲ ಅರವತ್ತು ಬಂದ್ರೆ ಬಿಟ್ಬಿಡ್ತಾಳೆ ಅನ್ನಿಸ್ತು. ಶುರುವಿನಲ್ಲಿ ಸ್ವಲ್ಪ ಕೈ ಕೊಟ್ರೆ ಆಮೇಲೆ ನೀನೇ ಹಿಡ್ಕೋತೀಯ ಅಂತ."

"ಅತ್ರೆ ಅಳಲಿ ಅಂತ ಬಿಡಬೇಕಿತ್ತು! ಡೀನ್ ಆಫೀಸಿಗೆ ಬರೀತಾರಂತೆ ನನ್ನ ಮೇಲೆ. ಕಾಪಿ ಹೊಡೆದಳು ಅಂತ. ಇಡೀ ಕ್ಲಾಸು ಹಾಗೇ ಅಂದ್ಕೊಂಡಿದೆ. ಆ ಮಗೂನ, ಸಿಯಾನ, ಕಳ್ಳಿ ಅಂದು ಬಂದೆ ನಾನು."

ಜಯಂತನ ಮುಖ ಬಿಳಿಚಿಕೊಂಡಿತು. ಇಂಥದ್ದೊಂದು ಆಗಬಹುದು ಅನ್ನುವುದು ಅವನ ತಲೆಗೇ ಹೊಳೆದಿರಲಿಲ್ಲ. ಮಗಳ ಸೌರಮಂಡಲಕ್ಕೆ ಯಾರು ಡೀನ್ ಆಫೀಸಿನಿಂದ ಬಂದಿದ್ದರು? "ನಾನೇ ಬಂದು ಹೇಳ್ತೀನಿ ಕಣೇ. ಅವಳಿಗೆ ಏನೂ ಗೊತ್ತಿರಲಿಲ್ಲ, ಎಲ್ಲಾ ನಂದೇ ತಪ್ಪು ಅಂತ," ಅಂದ. ಆಮೇಲೆ ಅವಳ ಮುಖ ನೋಡದೆ ಕೇಳಿದ: "ನಿಂಗೆ ನಿಜವಾಗ್ಲೂ ಗೊತ್ತಾಗಲಿಲ್ವಾ? ಅರವತ್ತು ಹೋಗಿ ತೊಂಬತ್ತೆಂಟಾದಾಗ?"

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇವನಿಗೆ ಇನ್ನೊಬ್ಬ ಹೆಂಗಸಿದ್ದಿದ್ದರೆ ನಾಲ್ಕು ಕಿರುಚಿ, ಎರಡು ತಟ್ಟೆ ಒಡೆದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಇದಕ್ಕೆ ಏನು ಮಾಡುವುದು? ಹೆಂಡತಿಯ ಕೈಲಿ ಆಗುವುದಿಲ್ಲ ಅಂತ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡೇ ಬಾಯಲ್ಲಿ "ಓದು, ಅದಕ್ಕೇನು" ಅಂದಿದ್ದಾನೆ. ಪ್ರೀತಿಯಿಂದಲೇ ಅಂದಿದ್ದಾನೆ. ಅದೇ ಹೊಟ್ಟೆ ಉರಿಸಿತು.

"ಗ್ರೇಸ್ ಮಾರ್ಕ್ಸ್ ಅಂದ್ಕೊಂಡೆ," ಅಂದಳು.

ಜಯಂತನಿಗೆ ತಡೆಯಲಾಗದೆ ನಗು ಬಂತು. ಅವಳು ನಗಲಿಲ್ಲ ಅಂತ ಕಂಡು ನಿಲ್ಲಿಸಿದ.

ಬುಧವಾರ ಎರಡಕ್ಕೆ ಐದು ನಿಮಿಷ ಇರುವಾಗ ಡೆಲ್ಗಾಡೊರ ಕೋಣೆಯ ಮುಂದೆ ಇಬ್ಬರೂ ನಿಂತಿದ್ದರು. ಜಯಂತ ಆಫೀಸಿಗೆ ಅರ್ಧ ದಿನ ರಜ ಹಾಕಿ, ಮದುವೆಗೆ ಹೋಗುವ ಅಂಗಿ ಹಾಕಿಕೊಂಡು ಬಂದಿದ್ದ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಗಟ್ಟಿ ಮಾಡಿದ್ದ. ನಾಗಮಣಿ ಬಾಗಿಲಲ್ಲಿ ತಿರುಗಿ, "ನೀವು ಕಾರಲ್ಲಿರಿ," ಅಂದಳು.

"ಏ, ನಾನು ಹೇಳಿದ್ರೆ ತಾನೇ ಅವರು ನಂಬೋದು?"

"ಕಾರಲ್ಲಿರಿ ಅಂದ್ನಲ್ಲ."

ಒಳಗೆ ಕೂತು ಅವಳು ಹೇಳಿದ್ದು ಮೂರೇ ವಾಕ್ಯ. ದಾರಿಯಲ್ಲಿ ಗಂಡ ಹೇಳಿಕೊಟ್ಟದ್ದರಲ್ಲಿ ಅರ್ಧ ಮಾತ್ರ ಅದರಲ್ಲಿತ್ತು. "ತಿದ್ದಿದ್ದು ನನ್ನ ಗಂಡ, ನನಗೆ ಹೇಳದೆ. ಅಂಕ ಏರಿದ್ದು ನಾನು ಪ್ರತಿ ವಾರ ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು, ಆದರೂ ಕಿತ್ತುಕೊಂಡುಬಿಡ್ತೀರೇನೋ ಅಂತ ಕೇಳಲಿಲ್ಲ."

ನಂಬಿದರೋ ಇಲ್ಲವೋ ಡೆಲ್ಗಾಡೊರ ಮುಖದಲ್ಲಿ ಏನೂ ಕಾಣಿಸಲಿಲ್ಲ. ಆಮೇಲೆ ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವಳ ಮುಂದಿಟ್ಟರು. ಹತ್ತು ಲೆಕ್ಕ, ಒಂದು ಗಂಟೆ. "ಗಂಡನ ಮೇಲೆ ಹಾಕಿ ತಪ್ಪಿಸಿಕೊಳ್ಳೋದು ಸುಲಭ," ಅಂದರು. "ಇದರಲ್ಲಿ ಹತ್ತಕ್ಕೆ ಹತ್ತು ಬಂದರೂ ನನಗೆ ಅನುಮಾನ, ಒಂದೇ ಬಂದರೂ ಅನುಮಾನ. ಫೋನು ಈ ಕಡೆ ಕೊಡಿ."

ಮೊದಲ ಎರಡು ಸಲೀಸಾಗಿ ಬಂದವು. ಮೂರನೆಯದು ಕೈಕೊಟ್ಟಿತು. ನಾಲ್ಕನೆಯದರಲ್ಲಿ ಎರಡು ವಸ್ತು ಬೆರೆಸಿದರೆ ಯಾವುದು ಮೊದಲು ಖಾಲಿಯಾಗುತ್ತದೆ ಎಂದು ಕೇಳಿದ್ದರು. ಇಂಗ್ಲಿಷಿನಲ್ಲಿ ಅದು ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿರಲಿಲ್ಲ. ಹಿಟ್ಟಿದೆ ಬೆಲ್ಲ ಇಲ್ಲ, ಬೆಲ್ಲ ಇದೆ ಹಿಟ್ಟಿಲ್ಲ ಎಂದು ಮನಸ್ಸಿನಲ್ಲೇ ಕನ್ನಡದಲ್ಲಿ ಅಂದುಕೊಂಡಳು. ಎಷ್ಟು ಹೋಳಿಗೆ ಆಗುತ್ತೆ ಅಂತ ಲೆಕ್ಕ ಹಾಕಿದಳು. ಬಂತು. ಎದುರಿಗೆ ಡೆಲ್ಗಾಡೊ ಏನೋ ಓದುತ್ತ ಕೂತಿದ್ದರು, ಆಗಾಗ ಕನ್ನಡಕದ ಮೇಲಿಂದ ಅವಳ ಕೈಯನ್ನೇ ನೋಡುತ್ತಿದ್ದರು. ಕಾವಲು ಕಾಯುವ ಹಾಗೆ. ಅವಳಿಗೆ ಅವಮಾನವಾಗಬೇಕಿತ್ತು. ಯಾಕೋ ಧೈರ್ಯವಾಯಿತು. ಈ ಹಾಳೆಯ ಮೇಲೆ ಬೀಳುವುದೆಲ್ಲ ತನ್ನದೇ ಅನ್ನುವುದಕ್ಕೆ ಒಬ್ಬರು ಸಾಕ್ಷಿ ಇದ್ದಾರೆ.

ಗಂಟೆ ಮುಗಿದ ಮೇಲೆ ಡೆಲ್ಗಾಡೊ ಅಲ್ಲಿಯೇ ತಿದ್ದಿದರು. ನಾಲ್ಕು ಕಡೆ ಸುತ್ತು ಹಾಕಿ, ಮೇಲೆ ಆರು ಎಂದು ಬರೆದರು. ನಂತರ ಪರದೆಯ ಬಲಗಡೆಯ ಐವತ್ನಾಲ್ಕು, ಐವತ್ತೆಂಟನ್ನು ನೋಡಿದರು, ಹಾಳೆ ನೋಡಿದರು.

"ಬಲಗಡೆಯ ಇವಳು ನನಗೆ ಗೊತ್ತು," ಅಂದರು. "ಡೀನ್ ಆಫೀಸಿಗೆ ಬರೆಯೋದಿಲ್ಲ. ಆದರೆ ಹಳೆಯ ಹೋಮ್‌ವರ್ಕೆಲ್ಲ ಸೊನ್ನೆ. ಒಟ್ಟಿನಲ್ಲಿ ಸಿ ಗ್ರೇಡ್ ಬಂದರೆ ಮಾತ್ರ ಮುಂದಿನ ಕೆಮಿಸ್ಟ್ರಿಗೆ ಬಿಡ್ತಾರೆ. ಅದಕ್ಕೆ ಫೈನಲಿನಲ್ಲಿ ನಿಮಗೆ ಎಪ್ಪತ್ತೊಂಬತ್ತು ಬೇಕಾಗುತ್ತೆ. ನಿಮಗೆ ಇದುವರೆಗೆ ಅಷ್ಟು ಬಂದಿಲ್ಲ."

"ಬಂದಿಲ್ಲ," ಅಂದಳು ನಾಗಮಣಿ, ಹಾಳೆ ತೆಗೆದುಕೊಂಡು ಎದ್ದಳು.

ಅಕ್ಟೋಬರ್ ಆದರೂ ಪಾರ್ಕಿಂಗ್ ಲಾಟಿನಲ್ಲಿ ಬಿಸಿಲು ಸುಡುತ್ತಿತ್ತು. ಜಯಂತ ಕಾರು ಚಾಲೂ ಇಟ್ಟು, ಏಸಿ ಹಾಕಿಕೊಂಡು ಕೂತಿದ್ದ. ಅವಳು ಒಳಗೆ ಕೂತು ಬಾಗಿಲು ಹಾಕಿಕೊಳ್ಳುವ ಮೊದಲೇ, "ಏನಂದ್ರು? ಬೈದ್ರಾ?" ಅಂದ. ಅವಳು ಎಲ್ಲ ಹೇಳಿದಳು. ಸೊನ್ನೆ, ಸಿ, ಎಪ್ಪತ್ತೊಂಬತ್ತು.

"ಆರು ಬಂತಾ? ಯಾವ ನಾಲ್ಕು ತಪ್ಪಾಗಿದ್ದು? ಕೊಡು ನೋಡೋಣ," ಎನ್ನುತ್ತ ಅವನು ಹಾಳೆಗೆ ಕೈಚಾಚಿದ. ಇನ್ನೊಂದು ಕೈ ಆಗಲೇ ಜೇಬಿನ ಪೆನ್ನಿಗೆ ಹೋಗಿತ್ತು. "ಐದೇ ನಿಮಿಷ. ಹೇಳಿಕೊಟ್ಬಿಡ್ತೀನಿ."

ನಾಗಮಣಿ ಹಾಳೆಯ ಮೇಲೆ ಅಂಗೈ ಇಟ್ಟಳು. ಜಯಂತ ಅವಳ ಕೈ ನೋಡಿದ, ಮುಖ ನೋಡಿದ, ತನ್ನ ಪೆನ್ನು ನೋಡಿದ. ಅವನ ಮುಖ ಸಣ್ಣದಾಯಿತು. ಪೆನ್ನನ್ನು ಅವಳ ಮಡಿಲಿಗೆ ಹಾಕಿ, ಏಸಿಯನ್ನು ಅವಳ ಕಡೆ ತಿರುಗಿಸಿ, ಬಾಗಿಲು ತೆರೆದು ಕೆಳಗಿಳಿದ. ಕಾರಿನಿಂದ ನಾಲ್ಕು ಹೆಜ್ಜೆ ಆಚೆ ಹೋಗಿ, ಕಣ್ಣು ಕುಕ್ಕುವ ಆ ಬಿಸಿಲಿನಲ್ಲಿ ಬೆನ್ನು ತಿರುಗಿಸಿ ನಿಂತುಕೊಂಡ.

ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತು ಹಾಕಿದ್ದ ಮೊದಲ ಲೆಕ್ಕದಿಂದ ಶುರು ಮಾಡಿದಳು. ಒಂದು ಕಡೆ ಕೂಡುವುದನ್ನು ಕಳೆದಿದ್ದಳು, ಥೂ. ಇನ್ನೊಂದರಲ್ಲಿ ಗ್ರಾಮನ್ನು ಕಿಲೋ ಮಾಡಿದ್ದಳು. ಅರ್ಧ ಗಂಟೆಯಾಗಿತ್ತು. ತಲೆಯೆತ್ತಿದರೆ ಜಯಂತನ ಮದುವೆಯ ಅಂಗಿ ಬೆನ್ನಿಗೆ ಪೂರಾ ಅಂಟಿಕೊಂಡಿತ್ತು. ಅವನು ಕರವಸ್ತ್ರವನ್ನು ತಲೆಯ ಮೇಲೆ ಹಾಕಿಕೊಂಡಿದ್ದ, ಒಮ್ಮೆಯೂ ತಿರುಗಿ ನೋಡಿರಲಿಲ್ಲ. ತಪ್ಪಿದ್ದ ನಾಲ್ಕರಲ್ಲಿ ಮೂರನೆಯದೂ ಬಂತು. ಕಿಟಕಿ ಇಳಿಸಿ ಅವನಿಗೆ ಕೂಗಿ ಹೇಳೋಣ ಅನ್ನಿಸಿತು ಅವಳಿಗೆ. ಇನ್ನೊಂದಿದೆಯಲ್ಲ ಎಂದುಕೊಂಡು ಹಾಳೆ ತಿರುಗಿಸಿದಳು.